ಕಡಿಮೆ ಬಿದ್ದ ಗುಳಿಗೆಗಳು

ನಾನು ಮದುವೆಯಾಗಿ ಬಂದ ಊರಿನಲ್ಲಿ ಮುಚ್ಚಿದ್ದು ಯಾವುದೂ ಮುಚ್ಚಿಕೊಂಡಿರುವುದಿಲ್ಲ. ಪೆಟ್ಟಿಗೆಗೆ ಬೀಗ ಹಾಕಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಬೀಗ ನೆಲದ ಮೇಲಿರುತ್ತದೆ. ಬಾಗಿಲು ಎಳೆದುಕೊಂಡು ಅಂಗಳ ದಾಟುವಷ್ಟರಲ್ಲಿ ಅದು ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ಡಬ್ಬಿಯ ಮುಚ್ಚಳ, ಕಪಾಟಿನ ಕದ, ಚೀಲದ ಬಾಯಿ, ಕಟ್ಟಿದ ಗಂಟು, ಯಾವುದಕ್ಕೂ ನಿಯತ್ತಿಲ್ಲ. ಮೈಮೇಲೆ ಇದ್ದದ್ದು ಮಾತ್ರ ಇದ್ದ ಹಾಗೆ ಇರುತ್ತದೆ; ಅಷ್ಟಾದರೂ ಉಳೀತಲ್ಲ ಎಂದು ಹೆಂಗಸರು ನಗುತ್ತಾರೆ. ಊರವರಿಗೆ ಇದು ದೊಡ್ಡ ಸಂಗತಿಯಲ್ಲ. ಸಕ್ಕರೆಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಡುತ್ತಾರೆ. ಹಾಲನ್ನು ತಂದ ಕೂಡಲೇ ಕಾಸಿ, ಕುಡಿದು ಉಳಿದದ್ದಕ್ಕೆ ಹೆಪ್ಪು ಹಾಕಿಬಿಡುತ್ತಾರೆ. ಉಪ್ಪಿನಕಾಯಿಯ ಆಸೆಯನ್ನು ಎಂದೋ ಬಿಟ್ಟಿದ್ದಾರೆ. ಬಚ್ಚಲಿಗೆ ಹೋದವರು ಒಳಗಿನಿಂದ ಏನಾದರೊಂದು ಹಾಡು ಗುನುಗುತ್ತಲೇ ಇರುತ್ತಾರೆ, ಹೊರಗಿದ್ದವರಿಗೆ ತಿಳಿಯಲಿ ಎಂದು. ಇನ್ನೊಬ್ಬರ ಮನೆಯ ಮುಂದೆ ಹಾಯುವಾಗ ಕಣ್ಣು ತಗ್ಗಿಸಬೇಕು. ನಡೆಯಲು ಕಲಿತ ಮಕ್ಕಳಿಗೆ ಇಲ್ಲಿ ಮೊದಲು ಹೇಳಿಕೊಡುವುದು ಇದನ್ನೇ.

ಹೊರಗಿನಿಂದ ಬಂದ ನನಗೆ ಆ ತಗ್ಗಿಸಿದ ಕಣ್ಣುಗಳ ಮೇಲೆ ನಂಬಿಕೆ ಬರಲೇ ಇಲ್ಲ. ನೋಡದವರೂ ಕಣ್ಣು ತಗ್ಗಿಸುತ್ತಾರೆ, ಎಲ್ಲ ನೋಡಿ ಮುಗಿಸಿದವರೂ ಕಣ್ಣು ತಗ್ಗಿಸುತ್ತಾರೆ. ಯಾರು ಎಂಥವರೆಂದು ತಿಳಿಯುವುದು ಹೇಗೆ?

ನನ್ನ ಗಂಡ ಅಡಿವೆಪ್ಪ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದ. ಮದುವೆಯ ಕಾಲ ಬಂತೆಂದರೆ ಊರೂರು ತಿರುಗುತ್ತಿದ್ದ. ಒಂದು ಸಲ ಬ್ಯಾಂಡಿನವರೆಲ್ಲ ಮರಳಿ ಬಂದರು, ಅವನೊಬ್ಬ ಬರಲಿಲ್ಲ. ಎಲ್ಲಿ ಹೋದನೆಂದು ಡೋಲಿನವನನ್ನು ಕೇಳಿದೆ, ಕಹಳೆಯವನನ್ನು ಕೇಳಿದೆ. ಇಬ್ಬರೂ ಕಣ್ಣು ತಗ್ಗಿಸಿದರು. ಮನೆಯಲ್ಲಿ ನಾನು ಮತ್ತು ಅತ್ತೆ ತಿಪ್ಪವ್ವ ಇಬ್ಬರೇ ಉಳಿದೆವು. ನಾನು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದೆ, ಅದರಲ್ಲೇ ಇಬ್ಬರ ಹೊಟ್ಟೆ ನಡೆಯುತ್ತಿತ್ತು.

ಆ ಮಳೆಗಾಲ ನನಗೆ ಜ್ವರ ಹಿಡಿಯಿತು, ಬಿಡಲಿಲ್ಲ. ಬಾಯೊಳಗೆ ಬೆಳ್ಳಗೆ ಹುಣ್ಣು, ನುಂಗಿದ್ದು ಒಳಗೆ ನಿಲ್ಲುತ್ತಿರಲಿಲ್ಲ. ಕುಪ್ಪಸ ಮೈಮೇಲೆ ನೇತಾಡತೊಡಗಿತು. ಅತ್ತೆ ಗಂಜಿ ಕಾಸಿ ಕೊಟ್ಟಳು, ಹಣೆಗೆ ತಣ್ಣೀರ ಪಟ್ಟಿ ಹಾಕಿದಳು, ಪಕ್ಕದಲ್ಲೇ ಮಲಗಿದಳು. ಆದರೆ ದವಾಖಾನೆಗೆ ಹೋಗು ಎಂದು ಒಂದು ದಿನವೂ ಹೇಳಲಿಲ್ಲ. ಕಡೆಗೆ ನಾನೇ ಗೋಡೆ ಹಿಡಿದು ಎದ್ದು, ಬಸ್ಸು ಹತ್ತಿ, ಶಹರದ ದೊಡ್ಡ ದವಾಖಾನೆಗೆ ಹೋದೆ. ರಕ್ತ ತೆಗೆದರು. ಎಚ್‌ಐವಿ ಎಂದರು.

ನನ್ನನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಮಾತನಾಡಿದವರು ಜುಲೇಖಾಬಾನು ಎಂಬ ಮೇಡಂ. ರೋಗಿಗಳಿಗೆ ತಿಳಿಸಿ ಹೇಳುವುದೇ ಅವರ ಕೆಲಸ. ಮೊದಲಿಗೆ ನಾನು ಅವರನ್ನು ನಂಬಲಿಲ್ಲ. ಅಷ್ಟು ಮೆತ್ತಗೆ ಮಾತನಾಡುವವರು ಏನನ್ನೋ ಬಚ್ಚಿಟ್ಟಿರಬೇಕು ಅನಿಸಿತು. ಅದಕ್ಕಿಂತ ಹೆಚ್ಚಾಗಿ, ಅವರು ಕೋಣೆಯ ಬಾಗಿಲು ಹಾಕಿದರು, ಅದು ಹಾಕಿದಂತೆಯೇ ಇತ್ತು. ನನಗೆ ಆ ಬಾಗಿಲ ಮೇಲಿಂದ ಕಣ್ಣು ಕೀಳಲಾಗಲಿಲ್ಲ.

"ದಿನಾ ಒಂದ ಗುಳಿಗಿ, ಹೊತ್ತ ತಪ್ಪಿಸದಂಗ. ನೋಡಾಕ ಒಂದ ಕಾಣತೈತಿ, ಒಳಗ ಮೂರು ಔಷಧ ಅದಾವು," ಎಂದರು.

"ಮೂರು ಯಾಕ್ರಿ? ಒಂದು ನಾಟೂದಿಲ್ಲೇನು?"

"ಒಂದ ಕೊಟ್ರ ಈ ವೈರಸ್ ರೂಪ ಬದಲಿಸಿ ತಪ್ಪಿಸ್ಕೊಂತೈತಿ. ಎರಡು ಕೊಟ್ರೂ ಒಮ್ಮೊಮ್ಮೆ ದಾರಿ ಹುಡುಕತೈತಿ. ಮೂರೂ ಸೇರಿ ಬೇರೆ ಬೇರೆ ಕಡೆ ಒಮ್ಮೆಲೆ ತಡದ್ರ ಅದು ಹೊಸದಾಗಿ ಹುಟ್ಟಾಕ ಆಗೂದಿಲ್ಲ. ಹುಟ್ಟದಿದ್ರ ಬದಲಾಗೂದೂ ಇಲ್ಲ."

"ಎಷ್ಟ ದಿನಕ್ಕ ವಾಸಿ ಆಗತೈತ್ರಿ?"

"ಬೇರುಸಹಿತ ಹೋಗೂದಿಲ್ಲ. ರಕ್ತದಾಗ ಕಾಣದಷ್ಟು ಕಡಿಮಿ ಆಗತೈತಿ. ಕಾಣದಂಗ ಆತಂದ್ರ ನಿಮಗೂ ಆರೋಗ್ಯ, ನಿಮ್ಮಿಂದ ಇನ್ನೊಬ್ಬರಿಗೂ ಹತ್ತೂದಿಲ್ಲ. ಆದ್ರ ಗುಳಿಗಿ ಬಿಟ್ರಿ ಅಂದ್ರ ಮತ್ತ ಎದ್ದು ಕುಂದ್ರತೈತಿ. ಜೀವನ ಪೂರ್ತಿ ತಗೋಬೇಕ್ರಿ."

ಜೀವನ ಪೂರ್ತಿ ಕೊಡುತ್ತೇವೆ, ಅದೂ ಪುಕ್ಕಟೆ ಎಂದಾಗ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಇಷ್ಟು ಧಾರಾಳ ಯಾರ ಮೇಲೆ ಯಾರಿಗಿದೆ? ಗುಳಿಗೆಯನ್ನು ಮನೆಗೆ ತಂದು ಮೂಸಿ ನೋಡಿದೆ, ನಾಲಗೆಯ ತುದಿಗೆ ತಾಗಿಸಿ ನೋಡಿದೆ. ಕಡೆಗೆ ಬದುಕುವ ಆಸೆ ಅನುಮಾನಕ್ಕಿಂತ ಒಂದು ಗೇಣು ಮುಂದಿತ್ತು. ನುಂಗಿದೆ. ಮರುದಿನವೂ ನುಂಗಿದೆ.

ದೀಪಾವಳಿಯ ಹೊತ್ತಿಗೆ ಬಾಯಿಯ ಹುಣ್ಣು ಮಾಯ್ದಿತ್ತು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದು ಅರಗಿಸಿಕೊಂಡೆ. ಮತ್ತೆ ಒಲೆಯ ಮುಂದೆ ಕುಳಿತು ಬಡಿದರೆ ರೊಟ್ಟಿ ಮೊದಲಿನಂತೆ ತೆಳ್ಳಗೆ ಬರತೊಡಗಿತು. ಯಾವ ಗುಳಿಗೆ ಎಂದು ಅತ್ತೆ ಕೇಳಲಿಲ್ಲ. ನಾನೇ ರಕ್ತ ಕಡಿಮೆ ಇದ್ದವರಿಗೆ ಕೊಡುವುದು ಎಂದೆ. ಅವಳು ಹೂಂ ಎಂದು ಕಣ್ಣು ತಗ್ಗಿಸಿದಳು. ಡಬ್ಬಿಗೆ ತೇವ ತಗಲದಂತೆ ಮುಚ್ಚಳ ಬಿಗಿಯಾಗಿ ಹಾಕಿ ಎಂದು ಮೇಡಂ ಹೇಳಿದ್ದರು. ನಮ್ಮ ಊರಿನ ವಿಷಯ ಅವರಿಗೆ ಹೇಗೆ ಹೇಳುವುದು? ಗೋಡೆಯ ಗೂಡಿನಲ್ಲಿ, ಒಣಗಿದ ಜಾಗದಲ್ಲಿ ಇಟ್ಟಿದ್ದೆ. ಮುಚ್ಚಳ ಹಾಕುತ್ತಿದ್ದೆ, ಅದು ತೆರೆದುಕೊಳ್ಳುತ್ತಿತ್ತು, ಮತ್ತೆ ಹಾಕುತ್ತಿದ್ದೆ.

ಬೇಸಿಗೆಯ ನಡುವೆ ಒಂದು ದಿನ ಔಷಧ ತರಲು ಹೋದಾಗ ಮೇಡಂ ನನ್ನ ಡಬ್ಬಿ ಇಸಿದುಕೊಂಡು ಬೋರಲು ಹಾಕಿದರು. ಏನೂ ಬೀಳಲಿಲ್ಲ.

"ಉಳದಿದ್ದು ಎಲ್ಲಿ?"

"ಉಳದಿಲ್ರಿ. ನಿನ್ನೆ ಕಡೀದು ನುಂಗಿದೆ."

ಅವರು ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಕಸ್ತೂರಿ ಅವರಽ, ಬರೂದು ತಡ ಆದ್ರ ಇರ್ಲಿ ಅಂತ ನಾವು ಪ್ರತಿ ಸಲ ಹೆಚ್ಚಿಗಿ ಹಾಕಿರತೀವಿ. ಹೋದ ತಿಂಗಳೂ ಕಡಿಮಿ ಇದ್ದವು. ನಾ ಕೇಳಲಿಲ್ಲ. ದಿನಕ್ಕ ಎರಡು ನುಂಗೀರೇನು?"

"ಇಲ್ರಿ."

"ಮತ್ತ ಯಾರಿಗರ ಕೊಟ್ಟೀರೇನು?"

ಇಲ್ಲ ಎಂದೆ. ಅವರು ನಂಬಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಅಲ್ಲಿಯವರೆಗೆ ನಾನು ಅವರನ್ನು ಅನುಮಾನಿಸುತ್ತಿದ್ದೆ, ಈಗ ಅವರು ನನ್ನನ್ನು ಅನುಮಾನಿಸುತ್ತಿದ್ದರು. ಅವರು ಹಾಗೆ ಅನುಮಾನದಿಂದ ನೋಡಿದಾಗಲೇ ನನಗೆ ಅವರ ಮೇಲೆ ಮೊದಲ ಬಾರಿ ನಂಬಿಕೆ ಬಂತು. ಮೋಸ ಮಾಡುವವರು ಲೆಕ್ಕ ಕೇಳುವುದಿಲ್ಲ.

ಬಸ್ಸಿನಲ್ಲಿ ಮರಳುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಯಾರು ತೆಗೆದರು? ಮೊದಲು ನೆನಪಾದವಳು ಪಕ್ಕದ ಮನೆಯ ಮಾದೇವಕ್ಕ. ಮೊಸರಿಗೆ ಹೆಪ್ಪು ಬೇಕೆಂದು ದಿನಕ್ಕೊಮ್ಮೆ ಬರುತ್ತಾಳೆ. ಗೂಡಿನ ಕೆಳಗೇ ನಿಲ್ಲುತ್ತಾಳೆ. ಗುಳಿಗೆಯೊಂದನ್ನು ಯಾರಿಗಾದರೂ ತೋರಿಸಿ, ಇದು ಯಾವ ರೋಗದ್ದು ಎಂದು ಕೇಳಿ ತಿಳಿದುಕೊಂಡಿರಬಹುದು. ಖಾನಾವಳಿಯ ಯಜಮಾನನ ಕಿವಿಗೆ ಬಿದ್ದರೆ ನಾನು ಬಡಿದ ರೊಟ್ಟಿ ಯಾರು ತಿನ್ನುತ್ತಾರೆ? ರೊಟ್ಟಿಯಿಂದ ಹತ್ತುವುದಿಲ್ಲವೆಂದು ಮೇಡಂ ಹೇಳಿದ್ದು ನನಗೆ ಗೊತ್ತು, ಊಟಕ್ಕೆ ಬರುವ ಗಿರಾಕಿಗೆ ಗೊತ್ತೇ? ಮರುದಿನ ಮಾದೇವಕ್ಕ ಬಂದಾಗ ಬೇಕೆಂದೇ ಹೆಪ್ಪಿಲ್ಲ ಎಂದೆ. ಅವಳು ಹಿತ್ತಾಳೆಯ ಬೋಗುಣಿ ಹಿಡಿದು ಹಾಗೇ ತಿರುಗಿದಳು. ಆ ಬೆನ್ನಿನಲ್ಲಿ ಕಳ್ಳತನ ಇದೆಯೇ ಎಂದು ನೋಡಿದೆ. ಬೆನ್ನಿನಲ್ಲಿ ಏನು ಕಾಣುತ್ತದೆ?

ಹೊಸ ಡಬ್ಬಿಯನ್ನು ಗೂಡಿನಲ್ಲಿ ಇಡಲಿಲ್ಲ. ಬಟ್ಟೆಯ ಚೀಲ ಹೊಲಿದು ಅದರೊಳಗೆ ಹಾಕಿ ಸೊಂಟಕ್ಕೆ ಸಿಗಿಸಿಕೊಂಡೆ. ಮೈಮೇಲೆ ಇದ್ದದ್ದನ್ನು ಯಾರು ತೆಗೆಯುತ್ತಾರೆ? ಸ್ನಾನಕ್ಕೆ ಹೋದರೂ ಕೊರಳಿಗೆ ಹಾಕಿಕೊಂಡು ಹೋದೆ. ಗುಳಿಗೆ ಸಿಗದೆ ಯಾರು ಒದ್ದಾಡುತ್ತಾರೋ ಅವರೇ ಕಳ್ಳರು ಎಂದುಕೊಂಡು ಕಾದೆ.

ಮಾದೇವಕ್ಕ ಒದ್ದಾಡಲಿಲ್ಲ. ಒದ್ದಾಡಿದವಳು ನನ್ನ ಅತ್ತೆ. ಗೂಡನ್ನು ಮತ್ತೆ ಮತ್ತೆ ಒರೆಸಿದಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಕರೆದರೆ ಬೆಚ್ಚುತ್ತಿದ್ದಳು. "ನಿನ್ನ ರಕ್ತದ ಗುಳಿಗಿ ಕಾಣವಲ್ಲವು, ಮುಗದಾವೇನು?" ಎಂದು ಒಂದು ಬೆಳಿಗ್ಗೆ ಕೇಳಿಯೇಬಿಟ್ಟಳು. ಆ ಮನೆಗೆ ಬಂದಾಗಿನಿಂದ ಅವಳು ನನ್ನ ವಸ್ತುವಿನ ಬಗ್ಗೆ ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು.

"ಅದಾವ್ರಿ. ಯಾಕ?"

"ಏನಿಲ್ಲ. ಸುಮ್ನ ಕೇಳಿದೆ."

ಆ ಮಧ್ಯಾಹ್ನ ಖಾನಾವಳಿಗೆ ಹೊರಟಂತೆ ಮಾಡಿ ಓಣಿಯ ತಿರುವಿನಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಅತ್ತೆ ಸೆರಗಿನ ಮರೆಯಲ್ಲಿ ಪಾತ್ರೆ ಹಿಡಿದು ಹೊರಬಿದ್ದಳು. ಸುಡುವ ಬಿಸಿಲಿನಲ್ಲಿ ಊರು ದಾಟಿ, ನಿಂತುಹೋದ ಅರಳೆ ಗಿರಣಿಯ ಕಡೆಗೆ ನಡೆದಳು. ಹಿಂದೆ ತಿರುಗಿ ನೋಡಲಿಲ್ಲ. ನಾನು ದೂರದಿಂದ ಹಿಂಬಾಲಿಸಿದೆ. ಯಾರ ಮನೆಯ ಅನ್ನ ಯಾರ ಮನೆಗೆ ಹೋಗುತ್ತಿದೆ, ಈ ವಯಸ್ಸಿನಲ್ಲಿ ಇವಳಿಗೆ ಎಂಥ ಗುಟ್ಟು ಎಂದು ನನ್ನ ಮನಸ್ಸು ಎಲ್ಲೆಲ್ಲಿಗೋ ಹೋಯಿತು. ಸತ್ಯದ ಹತ್ತಿರಕ್ಕೆ ಮಾತ್ರ ಹೋಗಲಿಲ್ಲ.

ಗಿರಣಿಯ ಬಾಗಿಲು ಊರಿನ ಎಲ್ಲ ಬಾಗಿಲುಗಳಂತೆ ತೆರೆದೇ ಇತ್ತು. ದನ ಕಾಯುವವರು ಅದರ ಮುಂದೆಯೇ ಓಡಾಡುತ್ತಾರೆ. ಅವರಲ್ಲಿ ಒಬ್ಬರೂ ಒಳಗೆ ನೋಡಿರಲಿಲ್ಲ, ಅಥವಾ ನೋಡಿದವರೆಲ್ಲ ಕಣ್ಣು ತಗ್ಗಿಸಿ ಸುಮ್ಮನಾಗಿದ್ದರು. ಒಳಗೆ ಗೋಣಿತಟ್ಟಿನ ಮೇಲೆ ಒಬ್ಬ ಮನುಷ್ಯ ಗೋಡೆಗೆ ಒರಗಿದ್ದ. ಅತ್ತೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಅವನಿಗೆ ತಿನ್ನಿಸುತ್ತಿದ್ದಳು. ಅವನು ಕೆಮ್ಮಿದ. ಕೆಮ್ಮಿದಾಗ ಗುರುತು ಸಿಕ್ಕಿತು. ಮುಖದಲ್ಲಿ ಅಡಿವೆಪ್ಪ ಎನ್ನುವಂಥದ್ದು ಏನೂ ಉಳಿದಿರಲಿಲ್ಲ.

ನಾನು ಹೊಸ್ತಿಲಲ್ಲಿ ನಿಂತು ನೆಟ್ಟ ಕಣ್ಣಿನಿಂದ ನೋಡಿದೆ. ಅತ್ತೆಯ ಕೈ ಹಾಲಿನ ಪಾತ್ರೆಯಲ್ಲೇ ನಿಂತಿತು.

"ಯಾವಾಗ ಬಂದಾರ?" ನಾನು ಕೇಳಿದ್ದು ಅವಳನ್ನು.

"ಶಿವರಾತ್ರಿ ಆದ ಮ್ಯಾಲ. ಯಾರಿಗೂ ಹೇಳಬ್ಯಾಡ ಅಂದ."

"ನನ್ನ ಗುಳಿಗಿ?"

ಅವಳು ತಡವರಿಸಿದಳು. "ನೀ ಸಾಯಾಕ ಬಿದ್ದಾಕಿ ಎದ್ದು ಓಡ್ಯಾಡಾಕ ಹತ್ತಿದಿ. ಮಾರಿಗೆ ಕಳಾ ಬಂತು. ನಾ ದಿನಾ ನೋಡತಿದ್ನೆಲ್ಲ. ಇವಂಗೂ ಅದಽ ಗುಳಿಗಿ ಕೊಟ್ರ ಏಳತಾನ ಅಂತ ತಗದೆ. ಭಾಳ ತಗೀಲಿಲ್ಲ ಯವ್ವಾ. ನಿನಗ ಕಡಿಮಿ ಬೀಳಬಾರದು ಅಂತ ಅರ್ಧ ಮುರದು ಕೊಟ್ಟೆ. ಒಂದಿನ ಕೊಟ್ರ ಎರಡ ದಿನ ಬಿಟ್ಟೆ."

"ಅದು ಎದರ ಗುಳಿಗಿ ಅಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಇವರು ಬಂದು ಹೇಳಿದ ಮ್ಯಾಲ?"

ಉತ್ತರ ಕೊಟ್ಟವನು ಅವನು. "ಬಿಟ್ಟು ಹೋಗೂ ಮುಂಚೇನ ಅವ್ವಗ ಹೇಳಿದ್ದೆ. ನನಗ ಹಿಂಗ ಐತಿ, ಆಕೀಗೂ ಇರಬೇಕು ಅಂತ."

ಗಂಜಿ ಕಾಸಿದ ಕೈ, ತಣ್ಣೀರ ಪಟ್ಟಿ ಹಾಕಿದ ಕೈ ನನ್ನ ಎದುರಿಗೇ ಇತ್ತು. ಆ ಮಳೆಗಾಲವಿಡೀ ನಾನು ಎಂಥ ರೋಗದಿಂದ ಕರಗುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಪಕ್ಕದಲ್ಲಿ ಮಲಗಿದ್ದಳು.

"ನನಗ ಯಾಕ ಹೇಳಲಿಲ್ರಿ ಅತ್ತಿ?"

"ಹೇಳಿದ್ರ ನೀ ತವರಿಗೆ ಹೋಗತಿದ್ದಿ," ಎಂದಳು ತಿಪ್ಪವ್ವ. "ಮಗಾ ಹೋದ. ನೀನೂ ಹೋದ್ರ ನಾ ಯಾರ ಮಾರಿ ನೋಡ್ಲಿ?"

ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಮೊದಲು ಬಂದದ್ದು ಸುಸ್ತು. ಬಾಗಿಲ ಚೌಕಟ್ಟಿಗೆ ಒರಗಿ ಅವನನ್ನು ಕೇಳಿದೆ. "ಗೊತ್ತಿದ್ದ ಮ್ಯಾಲ ದವಾಖಾನಿಗೆ ಯಾಕ ಹೋಗಲಿಲ್ಲ? ಅಲ್ಲೆ ಪುಕ್ಕಟೆ ಕೊಡತಾರ."

"ಅಲ್ಲೆ ನೀ ಕುಂತಿರತಿ ಅಂತ ಗೊತ್ತಿತ್ತು," ಎಂದ. "ಅದಕ್ಕ ಹೋಗಲಿಲ್ಲ."

ಇದೂ ಸುಳ್ಳೇನೋ ಅನಿಸಿತು. ಅವನ ಮಾತಿನಲ್ಲಿ ಯಾವುದು ನಿಜ, ಯಾವುದು ಊದಿದ್ದು ಎಂದು ತಿಳಿಯುವ ಗೋಜಿಗೆ ನಾನು ಹೋಗಲಿಲ್ಲ. ಒಂದು ಮಾತ್ರ ಸ್ಪಷ್ಟವಾಗಿತ್ತು. ಅವನಿಗೆ ಅವನದೇ ಡಬ್ಬಿ ಸಿಗುವವರೆಗೆ ನನ್ನ ಡಬ್ಬಿಗೆ ಕಾಟ ತಪ್ಪಿದ್ದಲ್ಲ. ಇವತ್ತು ಅತ್ತೆ ಅರ್ಧ ಮುರಿಯುತ್ತಾಳೆ, ನಾಳೆ ಮಗನ ಉಸಿರು ಮೇಲೆ ಕೆಳಗೆ ಆದರೆ ಇಡೀ ಡಬ್ಬಿಯನ್ನೇ ಸುರಿಯುತ್ತಾಳೆ. ನಾನು ಅವಳ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

"ನಾಳೆ ಮುಂಜಾನೆ ಮೊದಲನೇ ಬಸ್ಸಿಗೆ ಹೋಗೂದು," ಎಂದೆ. "ಮೂರೂ ಮಂದಿ."

"ನಾ ಬರೂದಿಲ್ಲ," ಎಂದ ಅವನು.

"ಹಂಗಾರ ಊರೊಳಗ ಹೋಗಿ ನಿಮ್ಮ ಬ್ಯಾಂಡಿನವರಿಗೆ ಹೇಳತೀನಿ, ಇಲ್ಲೆ ಅದಾನ, ಎತಗೊಂಡ ಬರ್ರಿ ಅಂತ. ಅವರು ನಿಮ್ಮನ್ನ ಮಂಚದ ಮ್ಯಾಲ ಹೊತಗೊಂಡು ಊರ ನಡುವ ಬರ್ಲಿ."

ನಾನು ಹಾಗೆ ಮಾಡುವವಳೋ ಅಲ್ಲವೋ ಎಂದು ಅವನು ನನ್ನ ಮುಖ ನೋಡಿದ. ಮಾಡುತ್ತಾಳೆ ಎನ್ನಿಸಿರಬೇಕು. ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಅಂಗಿ ಹಾಕಿಕೊಂಡು ಕುಳಿತಿದ್ದ.

ದವಾಖಾನೆಯಲ್ಲಿ ಜುಲೇಖಾಬಾನು ಮೇಡಂ ಮೊದಲು ಅವನನ್ನು ನೋಡಿದರು, ಆಮೇಲೆ ಅತ್ತೆಯನ್ನು, ಆಮೇಲೆ ನನ್ನನ್ನು. ಕಡಿಮೆ ಬಿದ್ದ ಗುಳಿಗೆಗಳು ಎಲ್ಲಿ ಹೋದವೆಂದು ಅವರು ಮತ್ತೆ ಕೇಳಲಿಲ್ಲ. ಡಾಕ್ಟರು ಅವನ ಎದೆಗೆ ಕೊಳವೆ ಇಟ್ಟು ಕೇಳಿದರು, ಕಫ ಪರೀಕ್ಷೆಗೆ ಕಳಿಸಿದರು, ಎಕ್ಸರೇ ತೆಗೆಸಿದರು. ಕ್ಷಯ ಇತ್ತು. ಮೊದಲು ಅದರ ಔಷಧ ಶುರು ಮಾಡಿ, ಅದು ಮೈಗೆ ಒಗ್ಗಿದ ಮೇಲೆ ಎಚ್‌ಐವಿಯ ಗುಳಿಗೆ ಕೊಡುತ್ತೇವೆ ಎಂದರು. ಕ್ಷಯದ ಔಷಧ ಇನ್ನೊಂದರ ಬಲ ತಗ್ಗಿಸುತ್ತದೆಯಾದ್ದರಿಂದ ಅದು ಮುಗಿಯುವವರೆಗೆ ದಿನಕ್ಕೆ ಒಂದು ಗುಳಿಗೆ ಹೆಚ್ಚು. ಅವನ ಹತ್ತಿರ ಇದ್ದವಳೆಂದು ಅತ್ತೆಯನ್ನೂ ಪರೀಕ್ಷೆ ಮಾಡಿದರು. ಅವಳಿಗೆ ಏನೂ ಇರಲಿಲ್ಲ.

ಅತ್ತೆ ತಾನಾಗಿಯೇ ಡಾಕ್ಟರ ಮುಂದೆ ಅರ್ಧ ಗುಳಿಗೆಗಳ ಮಾತು ಎತ್ತಿದಳು. ಅವಳು ಅಳಲಿಲ್ಲ, ನೆಪ ಹೇಳಲಿಲ್ಲ. ಡಾಕ್ಟರು ಸಿಟ್ಟಾಗಲಿಲ್ಲ, ಆದರೆ ಮೆತ್ತಗೂ ಹೇಳಲಿಲ್ಲ.

"ನೋಡವಾ, ಪೂರ್ತಿ ಕೊಟ್ಟಿದ್ರ ವೈರಸ್ ಸುಮ್ನ ಕುಂದ್ರತಿತ್ತು. ಕೊಡದಽ ಇದ್ದಿದ್ರ ಅದಕ್ಕ ಈ ಔಷಧದ ಗುರ್ತಽ ಇರತಿದ್ದಿಲ್ಲ. ನೀ ಅರ್ಧರ್ಧ ಕೊಟ್ಟು ಅದಕ್ಕ ಪರಿಚಯ ಮಾಡಿಕೊಟ್ಟಿ. ಈಗ ಈ ಔಷಧ ಮಗನ ಮೈಯಾಗ ಕೆಲಸ ಮಾಡತೈತೋ ಇಲ್ಲೋ ನೋಡಬೇಕು. ಮಾಡಲಿಲ್ಲಂದ್ರ ಬೇರೆ ಜೋಡಣಿ ಹುಡುಕಬೇಕಾಗತೈತಿ."

"ಈಕೀಗೆ?" ಅತ್ತೆ ನನ್ನ ಕಡೆ ಕೈ ಮಾಡಿದಳು. "ಈಕೀಗೆ ಏನರ ಆಗೇತೇನ್ರಿ?"

ನನ್ನ ರಕ್ತವನ್ನೂ ತೆಗೆದರು. ಫಲಿತಾಂಶ ಬರುವ ತನಕ ನಾನು ಅತ್ತೆಯೊಡನೆ ಮಾತು ಬಿಟ್ಟೆ. ಅವಳು ಬಡಿಸುತ್ತಿದ್ದಳು, ನಾನು ತಿನ್ನುತ್ತಿದ್ದೆ. ಊಟ ಮುಗಿಸಿ ಗುಳಿಗೆ ನುಂಗುವಾಗ ಅವಳು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದಳು. ನನ್ನ ರಕ್ತದಲ್ಲಿ ವೈರಸ್ ಕಾಣುತ್ತಿಲ್ಲವೆಂದು ಮೇಡಂ ಹೇಳಿದಾಗಲೂ ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಕಾಗದದಲ್ಲಿ ಇನ್ನೊಬ್ಬರ ಹೆಸರಿರಬಹುದೇ ಎಂದೂ ಕೇಳಿದೆ. ಮೇಡಂ ನಕ್ಕು, "ನೀವು ಬದಲಾಗೂದಿಲ್ಲ ಬಿಡ್ರಿ," ಎಂದರು.

ಅಡಿವೆಪ್ಪನಿಗೆ ಗುಳಿಗೆ ಹಿಡಿಯಿತು. ದಸರೆಯ ಹೊತ್ತಿಗೆ ಕೆಮ್ಮು ನಿಂತು ಮುಖದ ಎಲುಬುಗಳು ಒಳಗೆ ಸರಿದವು. ಬ್ಯಾಂಡಿನವರು ತಮ್ಮ ವಾದ್ಯ ಇಡುವ ಕೋಣೆಯಲ್ಲಿ ಜಾಗ ಕೊಟ್ಟರು. ಮತ್ತಷ್ಟು ದಿನ ಕಳೆದು ಅವನ ರಕ್ತದಲ್ಲೂ ವೈರಸ್ ಕಾಣದಾಯಿತು. ಮುರಿದ ಗುಳಿಗೆಗಳು ಮಾಡಬಹುದಾಗಿದ್ದ ಹಾನಿ ಅದೃಷ್ಟಕ್ಕೆ ಆಗಿರಲಿಲ್ಲ. ಆ ಸುದ್ದಿ ಬಂದ ಸಂಜೆ ಅತ್ತೆ ನನ್ನ ಮುಂದೆ ಕುಳಿತಳು.

"ಇಬ್ಬರಿಗೂ ಕಾಣವಲ್ದು ಅಂತ ಡಾಕ್ಟರು ಹೇಳ್ಯಾರ. ಇನ್ನ ಅವಾ ಮನಿಗೆ ಬಂದ್ರ ಏನೂ ತೊಂದರಿ ಇಲ್ಲಂತ."

"ರಕ್ತದಾಗ ಕಾಣವಲ್ದು ಅಂದಾರ್ರಿ," ಎಂದೆ. "ಅಷ್ಟ ಅಂದಾರ."

ಮರುವಾರ ಅವನೇ ಬಂದ. ಕ್ಷೌರ ಮಾಡಿಸಿಕೊಂಡಿದ್ದ. ಅಂಗಳದಲ್ಲಿ ನಿಂತು, "ಬರಲೇನು?" ಎಂದ. ಬಾಗಿಲು ತೆರೆದೇ ಇತ್ತು, ಕೇಳದೆ ಒಳಗೆ ಬರಬಹುದಿತ್ತು. ಕೇಳಿದ್ದಕ್ಕೆ ನನಗೆ ಒಂದಿಷ್ಟು ಸಮಾಧಾನವಾಯಿತು ಎಂಬುದನ್ನು ಇಲ್ಲ ಎನ್ನುವುದಿಲ್ಲ.

"ದವಾಖಾನಿಗೆ ತಪ್ಪದಽ ಬರ್ರಿ," ಎಂದೆ. "ಮನಿಗೆ ಬ್ಯಾಡ."

ಅವನು ಬಂದ ದಾರಿಯಲ್ಲೇ ತಿರುಗಿ ಹೋದ. ಒಳಗೆ ಅತ್ತೆ ಎಲ್ಲ ಕೇಳಿಸಿಕೊಂಡಿದ್ದಳು. ಇವತ್ತೋ ನಾಳೆಯೋ ಗಂಟು ಮೂಟೆ ಕಟ್ಟಿ ಮಗನ ಕೋಣೆಗೆ ಹೋಗುತ್ತಾಳೆಂದು ನಾನು ಲೆಕ್ಕ ಹಾಕಿದೆ. ಅವಳ ಹಳೆಯ ಸೀರೆ ಹಗ್ಗದ ಮೇಲೆ ಕಾಣದಿದ್ದರೆ ಮನೆಯೆಲ್ಲ ಹುಡುಕುತ್ತಿದ್ದೆ, ಆಮೇಲೆ ನೋಡಿದರೆ ಅದು ಹಿತ್ತಲಲ್ಲಿ ಒಣಗುತ್ತಿರುತ್ತಿತ್ತು.

ಮುಂದಿನ ತಿಂಗಳು ಔಷಧದ ದಿನ ಅತ್ತೆಯೂ ಹೊರಟಳು, ಮೊಣಕಾಲು ತೋರಿಸಬೇಕೆಂದು. ನಾನು ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತೆ. ಅಡಿವೆಪ್ಪ ಆಗಲೇ ಹಿಂದೆ, ಆಚೆ ಬದಿಯ ಸಾಲಿನಲ್ಲಿ ಕುಳಿತಿದ್ದ. ಪಕ್ಕದ ಜಾಗದ ಮೇಲೆ ಟವೆಲ್ ಹಾಸಿ ತಾಯಿಗೆ ಹಿಡಿದಿದ್ದ. ಅತ್ತೆ ಕಂಬಿ ಹಿಡಿದು ನಡುದಾರಿಯಲ್ಲಿ ನಿಂತಳು. ಅವನನ್ನು ನೋಡಿದಳು, ಆ ಟವೆಲ್ ನೋಡಿದಳು. ಕಂಡಕ್ಟರ್ ಕೂಡ್ರಬೇ ಎಂದು ಅವಸರ ಮಾಡಿದ. ಅವಳು ಬಂದು ನನ್ನ ಪಕ್ಕದಲ್ಲಿ ಕುಳಿತಳು.

ನಾನು ಏನೂ ಕೇಳಿರಲಿಲ್ಲ. ಆದರೂ ಅವಳೇ ಹೇಳಿದಳು. "ಆ ಕಡೆ ಬಿಸಲು ಭಾಳ ಬೀಳತೈತಿ."

ಹೊರಗೆ ಬೆಳಗಿನಿಂದ ಮೋಡ ಕವಿದಿತ್ತು. ನಾನು ಕಿಟಕಿಯ ಕಡೆಗೆ ಸರಿದು ಅವಳಿಗೆ ಇನ್ನಷ್ಟು ಜಾಗ ಮಾಡಿಕೊಟ್ಟೆ.